ಜನವರಿ ಒಂದನೆಯ ತಾರೀಖು, ಮೂರು ಸಲ

2025ನೆಯ ಇಸವಿ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆಧಾರ: ನನ್ನ ದಿನಚರಿಯ ಆ ದಿನದ ಪುಟ. ಪೂರಕ ಆಧಾರವೊಂದು ಇದೆ, ಆದರೆ ಅದು ಒಪ್ಪುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ನನ್ನ ಹೆಂಡತಿ ‘ಡಬ್ಬಾ ವಾಪಸ್’ ಎಂದು ಬರೆದಿರುವುದು ಸೋಮವಾರದ ಚೌಕದಲ್ಲಿ. ಈ ಭಿನ್ನತೆಯನ್ನು ನಾನು ಎತ್ತಿ ತೋರಿಸಿದಾಗ ಅವಳು ಕೊಟ್ಟ ವಿವರಣೆ ಹೀಗಿದೆ: “ಮಂಗಳವಾರದ ಖಾನೆಯಲ್ಲಿ ಗ್ಯಾಸ್ ಸಿಲಿಂಡರ್ ಬರೆದಿದ್ದೆ. ಜಾಗ ಎಲ್ಲಿತ್ತು? ಪಕ್ಕದಲ್ಲಿ ಖಾಲಿ ಇತ್ತು, ಬರೆದೆ.” ಜಾಗದ ಅಭಾವದಿಂದ ಇತಿಹಾಸ ಒಂದು ದಿನ ಹಿಂದೆ ಸರಿದದ್ದಕ್ಕೆ ಇಂಥ ಪ್ರಾಮಾಣಿಕ ಒಪ್ಪಿಗೆಯನ್ನು ನನ್ನ ಮೂವತ್ತನಾಲ್ಕು ವರ್ಷಗಳ ಸಂಶೋಧನೆಯಲ್ಲಿ ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಮಂಗಳವಾರವೇ ಸರಿ ಎಂದು ಇಟ್ಟುಕೊಂಡು ಮುಂದುವರಿಯುತ್ತೇನೆ.

ಆ ಹೊತ್ತಿಗೆ ಸಂಭವಿಸಿದ್ದು ಇಷ್ಟು. ಜೋಗೇಶ್ವರಿಯಿಂದ ರಿಕ್ಷಾದಲ್ಲಿ ಮುಲುಂಡಿನ ನಮ್ಮ ಮನೆಗೆ ಮರಳಿದ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಕೆಳಗಿಟ್ಟು, ತಂತಿಗಳನ್ನೆಲ್ಲ ಸ್ವಸ್ಥಾನಗಳಿಗೆ ಸಿಕ್ಕಿಸಿ, ಗುಂಡಿ ಒತ್ತಿದೆ. ಫ್ಯಾನು ಗುಂಯ್‌ಗುಟ್ಟಿತು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದೇ ಒಂದು ಸಾಲು ಮೂಡಿತು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ತಾತ್ಪರ್ಯ: ಚಾಲನೆ ಮಾಡಲು ತಕ್ಕ ಯಾವ ಡಿಸ್ಕೂ ಇಲ್ಲಿಲ್ಲ.

ಡಿಸ್ಕು ಇತ್ತು. ನಾನೇ ಕಣ್ಣಾರೆ ನೋಡಿದ್ದೆ. ಹದಿಮೂರು ವರ್ಷ ದುಡಿದ ಹಳೆಯ ಹಾರ್ಡ್ ಡಿಸ್ಕು ಜನವರಿಯಿಂದಲೇ ಒಳಗೊಳಗೆ ಕಟಕಟ ಸದ್ದು ಮಾಡಲು ಆರಂಭಿಸಿದ್ದರಿಂದ, ಅದರಲ್ಲಿದ್ದುದೆಲ್ಲವನ್ನೂ ಹೊಸದೊಂದು ಎಸ್‌ಎಸ್‌ಡಿಗೆ ನಕಲು ಮಾಡಿಸಿದ್ದೆವು. ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವೇ ಇಲ್ಲದ, ಅಂಗೈಯಗಲದ ತೆಳು ಡಬ್ಬಿ. ನಕಲು ಮಾಡಿಕೊಟ್ಟವರು ಜೋಗೇಶ್ವರಿಯ ರಿಪೇರಿಯವರು. ವಿಜಯಪುರದ ಕಡೆಯವರು, ಕಟ್ಟಡಗಳಲ್ಲಿ ವೈರಿಂಗ್ ಕೆಲಸಕ್ಕೆಂದು ಬಂದು, ಕಂಪ್ಯೂಟರು ಕಲಿತು, ಪ್ಲಾಸ್ಟಿಕ್ ಅಚ್ಚುಗಳ ಒಂದು ಕಾರ್ಖಾನೆಯ ಪಕ್ಕದ ಗಾಳಾದಲ್ಲಿ, ಅಂದರೆ ಕೈಗಾರಿಕಾ ಮಳಿಗೆಯಲ್ಲಿ, ಅಂಗಡಿ ಇಟ್ಟವರು. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಯಂತ್ರಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಮುಲುಂಡ್ ಸ್ಟೇಷನ್ನಿನ ಸುತ್ತ ಇಂಥ ಅಂಗಡಿಗಳು ಹತ್ತಿದ್ದರೂ ಪೆಟ್ಟಿಗೆಯನ್ನು ಜೋಗೇಶ್ವರಿಗೇ ಹೊತ್ತೊಯ್ಯುವುದು ನನ್ನ ಪದ್ಧತಿ. ಪರಿಚಿತ ಆಕರವನ್ನು ಬಿಟ್ಟು ಅಪರಿಚಿತ ಆಕರಕ್ಕೆ ಹೋಗಬಾರದು.

“ಸರ, ಹಳೀ ಡಿಸ್ಕಿಂದು ಮುಗೀತ್ರಿ,” ಎಂದು ಅವರು ಅಲ್ಲಿ ಹೇಳಿದ್ದರು. “ಕಡೀ ಫೈಲ್ ಕಾಪಿ ಆಗೂತನಕ ಜೀವಾ ಹಿಡಕೊಂಡಿತ್ತು ನೋಡ್ರಿ. ಈಗ ಹಚ್ಚಿದ್ರ ಬರೇ ಕಟ್ ಕಟ್ ಅಂತೈತಿ, ಒಳಗ ಏನೂ ಕಾಣವಲ್ದು. ಆದ್ರ ಹೊಸಾದು ನೋಡ್ರಿ, ಇಪ್ಪತ್ತು ಸೆಕೆಂಡಿನ್ಯಾಗ ಚಾಲೂ!” ನನ್ನೆದುರಿಗೇ ಚಾಲೂ ಮಾಡಿದರು. ನಾನು ಗಡಿಯಾರ ನೋಡಿದೆ. ಹತ್ತೊಂಬತ್ತು ಸೆಕೆಂಡು.

ಅದೇ ಪೆಟ್ಟಿಗೆ, ಅದೇ ಡಿಸ್ಕು, ಮುಲುಂಡಿನಲ್ಲಿ ಮೌನ.

ಈ ಮೌನ ನನ್ನೊಬ್ಬನ ವಿಷಯವಾಗಿದ್ದರೆ ಕಂಗೆಡುತ್ತಿರಲಿಲ್ಲ. ಮಲಾಡಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಆ ಡಿಸ್ಕಿನೊಳಗಿನ ಒಂದು ಸಾಲಿಗಾಗಿ ಕಾಯುತ್ತಿದ್ದರು.

ಸಂಗತಿ ಹೀಗೆ. ಹಿಂದೆ ಮುಂಬಯಿಯ ಫೋರ್ಟ್ ಕಡೆ ಹೊಟೇಲು ಕೆಲಸದ ಕನ್ನಡ ಹುಡುಗರಿಗೆಂದು ಒಂದು ರಾತ್ರಿಶಾಲೆ ನಡೆಯುತ್ತಿತ್ತು. ಶಾಲೆ ನಿಂತುಹೋದ ಮೇಲೆ ಅದರ ಹಾಜರಿ ಪುಸ್ತಕಗಳು ಅದನ್ನು ನಡೆಸುತ್ತಿದ್ದ ಟ್ರಸ್ಟಿನ ಕಪಾಟಿನಲ್ಲಿ ಉಳಿದಿದ್ದವು. ನಿವೃತ್ತನಾದ ಬಳಿಕ ಎರಡು ವರ್ಷ, ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗಿ, ಪ್ರತಿ ವಿದ್ಯಾರ್ಥಿಯ ಹೆಸರು, ಊರು, ಸೇರಿದ ದಿನ, ತಿಂಗಳುವಾರು ಹಾಜರಿ, ವಾರ್ಷಿಕ ಪರೀಕ್ಷೆಯ ಫಲಿತಾಂಶ, ಹೆಸರು ಹೊಡೆದುಹಾಕಿದ್ದರೆ ಅದರ ತಾರೀಖು, ಇಷ್ಟನ್ನೂ ಟೈಪು ಮಾಡಿಕೊಂಡೆ. ಅನಂತರ ಆ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಯಿತು. ಕಪಾಟು ಎಲ್ಲಿಗೆ ಹೋಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಹೀಗಾಗಿ ನನ್ನ ಪಟ್ಟಿಯೇ ಉಳಿದ ಏಕೈಕ ಪ್ರತಿ. ಯಾವ ಸಂಗತಿಗೂ ಎರಡು ಸ್ವತಂತ್ರ ಆಧಾರಗಳಿಲ್ಲದೆ ಒಪ್ಪಬಾರದೆಂದು ಕಿರಿಯರಿಗೆ ಜೀವಮಾನವಿಡೀ ಬೋಧಿಸಿದ ನಾನು, ಸ್ವಂತದ ಎರಡು ವರ್ಷಗಳ ದುಡಿಮೆಯನ್ನು ಕಟಕಟಿಸುವ ಒಂದೇ ಡಿಸ್ಕಿನಲ್ಲಿ ಇಟ್ಟಿದ್ದೆ. ಮುದ್ರಿತ ಪ್ರತಿಯೂ ಇರಲಿಲ್ಲ. ಅಂತಿಮ ಪರಿಶೀಲನೆ ಮುಗಿಯದೆ ಪ್ರಿಂಟು ತೆಗೆಯುವುದು ನನಗೆ ಒಗ್ಗದು.

ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸ್ಮರಣ ಸಂಚಿಕೆ ತರುವವರಿದ್ದರು. ನಾನು ಪಟ್ಟಿ ಕೊಡಬೇಕಾದ ಕೊನೆಯ ದಿನ ಫೆಬ್ರುವರಿ 15, ಶನಿವಾರ. ಈ ಸುದ್ದಿ ಮಲಾಡಿನ ಹಿರಿಯರಿಗೆ ತಲುಪಿದ್ದೇ ತಡ, ದಿನಕ್ಕೊಂದು ಫೋನು ಆರಂಭವಾಯಿತು. ಅವರು ಉಡುಪಿಯ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆಯಲು ಬಂದು, ಈ ಶಾಲೆಯಲ್ಲಿ ಓದಿ, ಮುಂದೆ ಸ್ವಂತ ಹೊಟೇಲು ನಡೆಸಿ, ಈಗ ಮಕ್ಕಳ ಕೈಗೆ ಒಪ್ಪಿಸಿ ಕೂತವರು.

ಅಂದೂ ಹನ್ನೆರಡಕ್ಕೆ ಸರಿಯಾಗಿ ಫೋನು ಬಂತು. “ನಮಸ್ಕಾರ ಪ್ರೊಫೆಸರೇ. ಮೆಷಿನ್ ಬಂತಾ? ನನ್ನ ಹೆಸರುಂಟಾ?”

“ಮೆಷಿನ್ ಬಂದಿದೆ. ಆದರೆ ಏಳುತ್ತಿಲ್ಲ.”

“ಏಳುದಿಲ್ವಾ? ಎಂಥ ಮಾರಾಯ್ರೆ, ನಾನೇ ಬೆಳಿಗ್ಗೆ ಐದಕ್ಕೆ ಎದ್ದು ಕೂತಿದ್ದೇನೆ!”

ಜೋಗೇಶ್ವರಿಗೆ ಫೋನು ಹಚ್ಚಿದೆ. ರಿಪೇರಿಯವರು ಅಂದು ಯಾವುದೋ ಆಫೀಸಿನಲ್ಲಿ ಇಪ್ಪತ್ತು ಯಂತ್ರಗಳ ನಡುವೆ ಸಿಕ್ಕಿಕೊಂಡಿದ್ದರು. “ಅಲ್ರೀ ಸರ, ಇಲ್ಲೆ ಕುದುರಿ ಓಡಿದಂಗ ಓಡಿತ್ತು! ನಿಮ್ಮ ಮನ್ಯಾಗ ಕರೆಂಟ್ ಬರೋಬ್ಬರಿ ಐತೇನು ನೋಡ್ರಿ. ನಾಳೆ ಮಾತಾಡೂಣು.”

ಹೆಂಡತಿ ಇದನ್ನು ಕೇಳಿಸಿಕೊಂಡಳು. ಅವಳು ಮುಂಬಯಿಯಲ್ಲೇ ಹುಟ್ಟಿ, ಪರೇಲಿನ ಚಾಳಿನಲ್ಲಿ ಬೆಳೆದು, ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ ನಿವೃತ್ತಳಾದವಳು. “ನಮ್ಮ ಕರೆಂಟಿಗೆ ಏನು ಧಾಡಿ? ಫ್ರಿಜ್ ಚಾಲೂ, ಮಿಕ್ಸರ್ ಚಾಲೂ, ಗೀಸರ್ ಚಾಲೂ. ನಿಮ್ಮ ಡಬ್ಬಾ ಒಂದೇ ಬಂದ್. ಲಿಂಕ್ ರೋಡಿನ ಖಡ್ಡೆಯಲ್ಲಿ ರಿಕ್ಷಾ ಎಷ್ಟು ಸಲ ಹಾರಿತು, ಬರೆದಿಟ್ಟಿದ್ದೀರಾ?”

ಬರೆದಿಟ್ಟಿರಲಿಲ್ಲ. ದಿನಚರಿಯಲ್ಲಿ ಇದೊಂದು ಲೋಪ.

ಆದರೆ ಆ ಕ್ಷಣದಿಂದ ಲೋಪವಾಗಬಾರದೆಂದು ನಿರ್ಧರಿಸಿ ಹೊಸದೊಂದು ನೋಟ್‌ಬುಕ್ಕಿನಲ್ಲಿ ಅಂಕಣ ಎಳೆದೆ: ದಿನ, ಗೋಡೆಯ ಸ್ವಿಚ್ಚು ಹಾಕಿದ ಸಮಯ, ಗುಂಡಿ ಒತ್ತಿದ ಸಮಯ, ಪರದೆಯ ಮೇಲೆ ಕಂಡದ್ದು, ಅಭಿಪ್ರಾಯ. ಗೋಡೆಯ ಸ್ವಿಚ್ಚಿಗೆ ಪ್ರತ್ಯೇಕ ಅಂಕಣ ಬೇಕಾದದ್ದು ನಮ್ಮ ಮನೆಯ ಒಂದು ಕಟ್ಟಳೆಯಿಂದ. ಹೆಂಡತಿಯ ಬಾಲ್ಯದಲ್ಲಿ ಅವರ ಚಾಳಿನ ಒಂದು ಖೋಲಿಯಲ್ಲಿ ತಂತಿ ಸುಟ್ಟು ಹೊಗೆ ಎದ್ದಿತ್ತಂತೆ. ಅಂದಿನಿಂದ ಅವಳ ತಂದೆ, ತಂದೆಯಿಂದ ಅವಳು, ಕೆಲಸ ಮುಗಿದ ಮರುಕ್ಷಣ ಯಾವ ವಸ್ತುವಿನ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸುವವರು. ಫ್ರಿಜ್ಜೊಂದಕ್ಕೆ ವಿನಾಯಿತಿ. ನಾನು ಕಂಪ್ಯೂಟರು ಮುಚ್ಚಿ ಕುರ್ಚಿಯಿಂದ ಎದ್ದು ಹೊಸ್ತಿಲು ದಾಟುವುದರೊಳಗೆ ಹಿಂದಿನಿಂದ ‘ಟಪ್’ ಎಂಬ ಸದ್ದು ಕೇಳಿಸುತ್ತದೆ. ಕಂಪ್ಯೂಟರು ಬರುವ ಮೊದಲಿನ ರೇಡಿಯೊ, ದೀಪಗಳದು ಸೇರಿ, ಮೂವತ್ತೆಂಟು ವರ್ಷಗಳಿಂದ ಕೇಳಿಸುತ್ತಿದೆ. ನಮ್ಮ ದಾಂಪತ್ಯದಲ್ಲಿ ಇಷ್ಟು ನಿಯತವಾದ ಇನ್ನೊಂದು ಧ್ವನಿಯಿಲ್ಲ.

ಫೆಬ್ರುವರಿ 12, ಬುಧವಾರ. ಮಧ್ಯಾಹ್ನ ಹನ್ನೆರಡೂವರೆಗೆ ಜೋಗೇಶ್ವರಿಯಿಂದ ಫೋನು. “ಸರ, ಗುಂಡಿ ಒತ್ತಿದ ಕೂಡ್ಲೆ ಡಿಲೀಟ್ ಕೀ ಬಡೀತಾ ಇರ್ರಿ. ಸೆಟಪ್ ಅಂತ ನೀಲಿ ಪರದೆ ಬರ್ತೈತಿ.” ಹೆಂಡತಿ ಬಡಿದಳು. ನೀಲಿ ಪರದೆ ಬಂತು. ಅದರ ಬಲಮೂಲೆಯಲ್ಲಿ ಒಂದು ತಾರೀಖು ಇತ್ತು: 2012, ಜನವರಿ 1, ಭಾನುವಾರ.

“ಇದು ತಪ್ಪು!” ಎಂದೆ.

“ಏನ್ ತಪ್ಪರೀ?” ಎಂದು ಫೋನಿನಲ್ಲಿ ಗಾಬರಿಯ ದನಿ.

“ತಾರೀಖು. ಇಂದು 2025, ಫೆಬ್ರುವರಿ 12. ಈ ಯಂತ್ರ ಹದಿಮೂರು ವರ್ಷ ಹಿಂದಿದೆ.”

“ಅದನ್ನ ಬಿಡ್ರಿ ಸರ! ಬೂಟ್ ಅನ್ನೂ ಪುಟಕ್ಕ ಬರ್ರಿ ಮೊದಲ.”

ಬಿಡುವುದು ಸಾಧ್ಯವಿರಲಿಲ್ಲ. ತಪ್ಪು ತಾರೀಖನ್ನು ಕಂಡೂ ಪುಟ ತಿರುಗಿಸುವುದು, ಅನ್ನದಲ್ಲಿ ಕಲ್ಲು ಸಿಕ್ಕಿಯೂ ನುಂಗುವಂಥದು. ಮೊದಲು ತಾರೀಖು ತಿದ್ದಿಸಿದೆ. 2012ರ ಜನವರಿ 1 ನಿಜಕ್ಕೂ ಭಾನುವಾರವೇ ಹೌದೋ ಎಂದು ಹಳೆಯ ದಿನಚರಿ ತೆಗೆದು ನೋಡಿದೆ. ಹೌದು. ವಾರ ಸರಿ, ವರ್ಷ ತಪ್ಪು. ನೋಟ್‌ಬುಕ್ಕಿನ ಅಭಿಪ್ರಾಯದ ಅಂಕಣದಲ್ಲಿ ಹೀಗೆ ಬರೆದೆ: ‘ಪರದೆಯ ತಾರೀಖು ಅವಿಶ್ವಸನೀಯ. ಇದನ್ನು ಪರಿಗಣಿಸಬೇಕಿಲ್ಲ.’ ವೃತ್ತಿಯಲ್ಲಿ ನಾನು ಪಾಲಿಸಿಕೊಂಡು ಬಂದ ನಿಯಮವೇ ಅದು. ತಾರೀಖಿನಲ್ಲಿ ತಪ್ಪುವ ಸಾಕ್ಷಿಯನ್ನು ಬೇರೆ ವಿಷಯದಲ್ಲೂ ನಂಬಬಾರದು.

ಇಷ್ಟು ಹೊತ್ತು ಫೋನಿನಲ್ಲಿ ಉಸಿರು ಬಿಗಿಹಿಡಿದಿದ್ದ ರಿಪೇರಿಯವರು ವಿವರಿಸಿದರು. ಡಿಸ್ಕನ್ನು ಗುರುತಿಸುವುದರಲ್ಲಿ ಎರಡು ಪದ್ಧತಿಗಳಿವೆ, ಹಳೆಯದು ಮತ್ತು ಹೊಸದು. ಹೊಸ ಡಿಸ್ಕನ್ನು ಅವರು ಹೊಸ ಪದ್ಧತಿಗೆ ತಕ್ಕಂತೆ ಸಿದ್ಧಪಡಿಸಿದ್ದರು. ಪೆಟ್ಟಿಗೆ ಮಾತ್ರ ಹಳೆಯ ಪದ್ಧತಿಯಲ್ಲೇ ಹುಡುಕುತ್ತಿತ್ತು. “ನಾ ಇಲ್ಲೆ ಬದಲ್ ಮಾಡಿ ಕೊಟ್ಟಿದ್ದೆ. ಹೆಂಗ ತಿರಗಿ ಹಳೇದಕ್ಕ ಹೋತೋ ಏನೋ. ಯಾರರ ಮುಟ್ಟೀರೇನು?”

“ಮುಟ್ಟಿದವರು ಇವರೇ ಇರಬೇಕು,” ಎಂದಳು ಹೆಂಡತಿ, ಯಾವ ಪುರಾವೆಯೂ ಇಲ್ಲದೆ.

ಹಳೆಯದನ್ನು ಹೊಸದಕ್ಕೆ ಬದಲಿಸಿ, ಉಳಿಸಿ, ಹೊರಬಂದೆವು. ಹತ್ತೊಂಬತ್ತೇ ಸೆಕೆಂಡಿನಲ್ಲಿ ಪರದೆ ಬೆಳಗಿತು. ಆದರೆ ಯಂತ್ರ ನನ್ನನ್ನು ಕಡತದ ಹತ್ತಿರಕ್ಕೆ ಬಿಡಲಿಲ್ಲ. ಹೊಸ ಪರಿಷ್ಕರಣೆಗಳನ್ನು ಅಳವಡಿಸುತ್ತಿದ್ದೇನೆ, ಕಾಯಿರಿ ಎಂದು ನೂರಕ್ಕೆ ಏಳು, ನೂರಕ್ಕೆ ಎಂಟು ಎಂದು ಎಣಿಸುತ್ತ ಕೂತಿತು. ನಾಲ್ಕು ಗಂಟೆಗೆ ಮಲಾಡಿಗೆ ಬರುತ್ತೇವೆಂದು ಹಿರಿಯರಿಗೆ ಮಾತು ಕೊಟ್ಟಾಗಿತ್ತು. ಎರಡೂಕಾಲಿಗೆ ಪರಿಷ್ಕರಣೆ ಮುಗಿದು ಯಂತ್ರ ತಾನಾಗಿ ಮುಚ್ಚಿಕೊಂಡಿತು. ಏಳುತ್ತದೆಂದು ಗೊತ್ತಾಯಿತಲ್ಲ, ಪಟ್ಟಿಯನ್ನು ಬಂದು ನೋಡಿದರಾಯಿತೆಂದು ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ‘ಟಪ್’.

ದಾದರಿನಲ್ಲಿ ಲೋಕಲ್ ಬದಲಿಸಿ ಮಲಾಡ್ ತಲುಪಿದಾಗ ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಾಲೇಜಿಗೆ ಹೋಗುವ ಮೊಮ್ಮಗಳೊಬ್ಬಳಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿಗೆ ಬರುವಾಗ ಮಾತ್ರ ಬೇರೆಯಾಗಿರುತ್ತದೆ. “ಅಂಕಲ್, ಅಜ್ಜ ರೋಜ್ ಬೋಲ್ತೇ ಹೈ, ನಾನು ನೈಟ್ ಸ್ಕೂಲ್ ಪಾಸ್. ಪರ್ ಪ್ರೂಫ್ ಕಹಾಂ ಹೈ, ಅಜ್ಜಾ?”

“ಪ್ರೂಫ್ ಇವರ ಮನೆಯಲ್ಲುಂಟು,” ಎಂದು ಹಿರಿಯರು ನನ್ನತ್ತ ಬೆರಳು ತೋರಿದರು. “ಈಗ ನಗು. ಶನಿವಾರದ ನಂತರ ನೋಡುವ.”

ಅವಳು ಚಹಾ ತರಲು ಒಳಗೆ ಹೋದ ಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. ಅಷ್ಟು ದಿನ ಫೋನಿನಲ್ಲಿ ಹೇಳದಿದ್ದುದನ್ನು ಅಂದು ಹೇಳಿದರು.

“ಒಂದು ಹೆದರಿಕೆ ಉಂಟು ಪ್ರೊಫೆಸರೇ. ಐವತ್ತೇಳನೇ ಇಸವಿಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಕಾಗದ ಬಂತು. ಮೇ ತಿಂಗಳ ಕೊನೇ ಹಡಗಿನಲ್ಲಿ ಊರಿಗೆ ಹೋದೆ. ಮತ್ತೆ ಮಳೆಗಾಲ ಅಲ್ವಾ, ಹಡಗು ಬಂದ್. ನಾಗರಪಂಚಮಿಯ ಮರುದಿನ ಅಮ್ಮ ಹೋದ್ರು. ಉತ್ತರಕ್ರಿಯೆ ಎಲ್ಲ ಮುಗಿಸಿ, ಹಡಗು ಸುರುವಾದ ಮೇಲೆ ಬಂದದ್ದು. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಶಾಲೆಗೆ ಇಲ್ಲ. ಒಂದು ತಿಂಗಳು ಬಾರದಿದ್ರೆ ಹೆಸರು ಹೊಡೀತೇವೆ ಅಂತ ಗೋಡೆಯಲ್ಲೇ ಬರೆದಿತ್ತು. ವಾಪಸ್ ಬಂದವ ಸುಮ್ಮನೆ ಬೆಂಚಲ್ಲಿ ಕೂತೆ. ಮಾಸ್ಟ್ರು ಏನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಪರೀಕ್ಷೆಯೂ ಬರೆದೆ. ಸರ್ಟಿಫಿಕೇಟು ಮತ್ತೆ ಖೋಲಿ ಬದಲಿಸುವಾಗ ಎಲ್ಲೋ ಹೋಯ್ತು. ಆದ್ರೆ ಪುಸ್ತಕದಲ್ಲಿ ಹೊಡೆದಿದ್ದಾರೋ ಏನೋ? ಹೊಡೆದಿದ್ರೆ ನಾನು ಕಳ್ಳ ವಿದ್ಯಾರ್ಥಿ ಆದೆ ಅಲ್ವಾ?”

ಟೈಪು ಮಾಡುವಾಗ ಹೊಡೆದುಹಾಕಿದ ಹೆಸರುಗಳು ನೂರಾರು ಬಂದಿದ್ದವು. ಕೆಂಪು ಶಾಯಿಯ ಗೆರೆಗಳು ನೆನಪಿದ್ದವು. ಯಾವ ಗೆರೆ ಯಾರ ಮೇಲೆಂಬುದು ನೆನಪಿರಲಿಲ್ಲ. ಸುಳ್ಳು ಭರವಸೆ ಕೊಡಲಾಗದೆ, “ಇಂದು ಸಂಜೆ ನೋಡಿ ಹೇಳುತ್ತೇನೆ,” ಎಂದೆ.

ಸಂಜೆ ಏಳೂಕಾಲಿಗೆ ಮನೆಗೆ ಬಂದು, ಸ್ವಿಚ್ಚು ಹಾಕಿ, ಗುಂಡಿ ಒತ್ತಿದರೆ ಮತ್ತೆ ಅದೇ ಕಪ್ಪು, ಅದೇ ಬಿಳಿಯ ಸಾಲು. ಹಿರಿಯರಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ಅವರೇ ಮಾಡಿದರು. “ಬೇಡ, ಹೇಳುದು ಬೇಡ,” ಎಂದರು ನನ್ನ ‘ಹಲೋ’ ಕೇಳಿಯೇ. “ನಿಮ್ಮ ಸ್ವರದಲ್ಲೇ ಗೊತ್ತಾಯ್ತು. ಹೊಡೆದಿದ್ದಾರೆ.” ಹೊಡೆದಿಲ್ಲ, ಯಂತ್ರ ತೆರೆದೇ ಇಲ್ಲ ಎಂದು ನಂಬಿಸಲು ಕಾಲು ಗಂಟೆ ಹಿಡಿಯಿತು.

ಫೆಬ್ರುವರಿ 13, ಗುರುವಾರ, ಸಿದ್ಧಾಂತಗಳ ದಿನ. ಕೆಳಗಿನ ಮಹಡಿಯ ನಿವೃತ್ತ ಬ್ಯಾಂಕು ಅಧಿಕಾರಿ ಪೆಟ್ಟಿಗೆಯ ಮುಖ ದಕ್ಷಿಣಕ್ಕಿದೆ, ಪೂರ್ವಕ್ಕೆ ತಿರುಗಿಸಿ ಎಂದರು. ತಿರುಗಿಸಿದೆವು, ತಂತಿ ಸಾಲದೆ ಮತ್ತೆ ದಕ್ಷಿಣಕ್ಕೇ ತಂದೆವು. ಹೆಂಡತಿ ಲಿಂಕ್ ರೋಡಿನ ಖಡ್ಡೆಗಳ ಪಕ್ಷವನ್ನೇ ಹಿಡಿದಿದ್ದಳು. ಜೋಗೇಶ್ವರಿಯವರಿಗೆ ಈಗ ಕೇಬಲ್ಲಿನ ಮೇಲೆ ಗುಮಾನಿ.

“ಪದ್ಧತಿ ಬದಲ್ ಮಾಡಿದ್ದು ಒಮ್ಮೆ ಮಾಡಿದ್ರ ಮುಗೀತ್ರಿ, ಅದನ್ನ ಮತ್ತ ಮುಟ್ಟಬ್ಯಾಡ್ರಿ. ಸೆಟಪ್ಪಿನ ಮೊದಲನೇ ಪುಟದಾಗ ಡಿಸ್ಕಿನ ಹೆಸರು ಕಾಣ್ತೈತೇನು, ಅಷ್ಟ ನೋಡ್ರಿ.”

ಡಿಸ್ಕಿನ ಹೆಸರು ಕಾಣಿಸುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದೂ ಕಾಣಿಸುತ್ತಿತ್ತು: 2012, ಜನವರಿ 1, ಭಾನುವಾರ.

“ನಿನ್ನೆ ತಾನೆ ತಿದ್ದಿದೆವಲ್ಲ!” ಎಂದೆ.

“ನೀವು ಸೇವ್ ಒತ್ತಿರಲಿಕ್ಕಿಲ್ಲ,” ಎಂದಳು ಹೆಂಡತಿ.

“ಕೀ ಒತ್ತಿದವಳು ನೀನು.”

“ಒತ್ತು ಅಂದವರು ನೀವು. ಹೇಳಿದ್ದು ಸರಿಯಿದ್ದರೆ ಒತ್ತಿದ್ದೂ ಸರಿಯಿರುತ್ತಿತ್ತು.”

ವಾದದಲ್ಲಿ ಸೋತು, ತಾರೀಖನ್ನು ಎರಡನೆಯ ಬಾರಿ ತಿದ್ದಿ, ಅಭಿಪ್ರಾಯದ ಅಂಕಣದಲ್ಲಿ ‘ಮೇಲಿನಂತೆಯೇ, ಅವಿಶ್ವಸನೀಯ’ ಎಂದು ಬರೆದೆ. ಅನಂತರ ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆ ಬಿಚ್ಚಿ, ಹೆಂಡತಿ ಕೇಬಲ್ಲನ್ನು ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬದಲಿಸಿದಳು. ಅವಳ ಬೆರಳುಗಳಿಗೆ ಇಲಾಖೆಯ ನೆನಪು ಬಂದು, ಒಳಗಿನ ಧೂಳನ್ನೂ ಚಿತ್ರಕಾರರ ಕುಂಚದಷ್ಟು ಮೃದುವಾದ ಬ್ರಶ್ಶಿನಿಂದ ಗುಡಿಸಿದಳು. ಮತ್ತೆ ಹಚ್ಚಿದರೆ ಕಪ್ಪು ಪರದೆ, ಬಿಳಿ ಸಾಲು.

ಅಂದು ಮಲಾಡಿನ ಫೋನು ಬರಲಿಲ್ಲ. ಬಾರದಿರುವುದು ಬಂದದ್ದಕ್ಕಿಂತ ಹೆಚ್ಚು ಕಾಡಿತು. ಸಂಜೆ ನಾನೇ ಮಾಡಿದೆ. ಮೊಮ್ಮಗಳು ಎತ್ತಿದಳು. “ಅಜ್ಜ ಮಲಗಿದ್ದಾರೆ, ಅಂಕಲ್. ಬೋಲೇ, ಲಿಸ್ಟ್‌ನಿಂದ ಹೆಸರು ಬಿಡ್ಲಿಕ್ಕೆ ಹೇಳು. ಇಟ್ಸ್ ಓಕೆ.” ನಗುವಿಲ್ಲದ ಸ್ವರದಲ್ಲಿ ಸೇರಿಸಿದಳು. “ಬಟ್ ಇಟ್ಸ್ ನಾಟ್ ಓಕೆ, ನಾ?”

ಫೆಬ್ರುವರಿ 14, ಶುಕ್ರವಾರ. ಪಟ್ಟಿ ಕೊಡಲು ಒಂದು ದಿನ ಉಳಿದಿತ್ತು. ಬೆಳಗಿನ ಚಹಾ ಮುಗಿಸಿ, ಯಂತ್ರವನ್ನು ಮುಟ್ಟದೆ, ನನಗೆ ಗೊತ್ತಿರುವ ಏಕೈಕ ಕೆಲಸವನ್ನು ಮಾಡಿದೆ. ಆಕರಗಳನ್ನು ಮತ್ತೆ ಓದಿದೆ. ಮೂರು ದಿನಗಳ ನಮೂದುಗಳು ಮೇಜಿನ ಮೇಲಿದ್ದವು. ಯಶಸ್ಸು ಎರಡೇ ಸಲ: ಜೋಗೇಶ್ವರಿಯಲ್ಲೊಮ್ಮೆ, ಬುಧವಾರ ಮಧ್ಯಾಹ್ನ ನಮ್ಮಲ್ಲೊಮ್ಮೆ. ಎರಡೂ ಸಲ ಪದ್ಧತಿ ಬದಲಿಸಿದ ಬೆನ್ನಿಗೇ. ವಿಫಲವಾದ ಪ್ರತಿ ಸಲವೂ ಅದಕ್ಕೆ ಮೊದಲು ಗೋಡೆಯ ಸ್ವಿಚ್ಚು ಆರಿತ್ತು, ಇಲ್ಲವೆ ಪ್ಲಗ್ಗು ಕಿತ್ತಿತ್ತು. ಇಷ್ಟು ಕಂಡರೂ ಅರ್ಥ ಹೊಳೆಯಲಿಲ್ಲ.

ಒಂಬತ್ತು ಗಂಟೆ ಆರು ನಿಮಿಷಕ್ಕೆ ಸ್ವಿಚ್ಚು ಹಾಕಿ ಸಮಯ ಬರೆದುಕೊಂಡೆ. ಹೆಂಡತಿ ಕುಕ್ಕರಿನ ಸೀಟಿಗೆ ಒಳಗೆ ಹೋಗಿದ್ದಳು, ಕಾದೆ. ಅವಳು ಬಂದು ಡಿಲೀಟ್ ಬಡಿದು ನೀಲಿ ಪರದೆ ತಂದಾಗ ನನ್ನ ಕೈಗಡಿಯಾರದಲ್ಲಿ ಒಂಬತ್ತು ಹತ್ತು. ಪರದೆಯಲ್ಲಿ ಮೂರನೆಯ ಬಾರಿ, 2012, ಜನವರಿ 1, ಭಾನುವಾರ. ಅದುವರೆಗೆ ನಾನು ತಾರೀಖಿನ ಮೇಲಷ್ಟೇ ಸಿಟ್ಟಾಗಿದ್ದೆ. ಅದರ ಪಕ್ಕದ ಗಂಟೆಯನ್ನು ಗಮನಿಸಿಯೇ ಇರಲಿಲ್ಲ. ಸೊನ್ನೆ ಗಂಟೆ, ನಾಲ್ಕು ನಿಮಿಷ.

ಒಂಬತ್ತು ಹತ್ತರಲ್ಲಿ ಒಂಬತ್ತು ಆರು ಕಳೆದರೆ ನಾಲ್ಕು.

“ಇದು ಸುಳ್ಳು ಹೇಳುತ್ತಿಲ್ಲ!” ಎಂದು ಕೂಗಿದ್ದಕ್ಕೆ ಹೆಂಡತಿ ಬೆಚ್ಚಿಬಿದ್ದಳು. “ಇದು ನೀನು ಸ್ವಿಚ್ಚು ಆರಿಸಿದಾಗಲೆಲ್ಲ ಸಾಯುತ್ತದೆ. ಹಾಕಿದಾಗ ಮತ್ತೆ ಹುಟ್ಟುತ್ತದೆ. ಹುಟ್ಟಿ ನಾಲ್ಕು ನಿಮಿಷವಾಯಿತೆಂದು ಪ್ರಾಮಾಣಿಕವಾಗಿ ಹೇಳುತ್ತಿದೆ.”

“ನಾನು ಸ್ವಿಚ್ ಬಂದ್ ಮಾಡಿದ್ದಕ್ಕಾ? ಅಂದರೆ ತಪ್ಪು ನನ್ನದು?”

ಈ ಪ್ರಶ್ನೆಗೆ ಉತ್ತರ ಕೊಡದೆ ಜೋಗೇಶ್ವರಿಗೆ ಫೋನು ಮಾಡಿದ್ದು ನನ್ನ ಜೀವನದ ವಿವೇಕದ ಕ್ಷಣಗಳಲ್ಲೊಂದು.

ಆಚೆಯಿಂದ ಹಣೆ ಬಡಿದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. “ಅಯ್ಯ ಸರ! ಶೆಲ್ ಸತ್ತೈತಿ, ಶೆಲ್! ಮದರ್‌ಬೋರ್ಡಿನ ಮ್ಯಾಲ ರೂಪಾಯಿ ನಾಣ್ಯದಂಥಾದೊಂದು ಗುಂಡಗಿನ ಶೆಲ್ ಇರ್ತೈತಿ. ಕರೆಂಟ್ ಇರದಾಗ ತಾರೀಖು, ಸೆಟ್ಟಿಂಗು ಎಲ್ಲಾ ಅದ ಹಿಡಕೊಂಡಿರ್ತೈತಿ. ಅದು ಸತ್ರ, ಸ್ವಿಚ್ ತೆಗದ್ ಕೂಡ್ಲೆ ಎಲ್ಲಾ ಮರ್ತು ಹಳೀ ಪದ್ಧತಿಗೇ ಹೊಕ್ಕೈತಿ. ಹಳೀ ಡಿಸ್ಕಿಗೆ ಹಳೀ ಪದ್ಧತಿನ ಬೇಕಿತ್ತಲ್ರಿ, ಅದಕ್ಕ ಇಷ್ಟ ದಿನ ಯಾರಿಗೂ ಗೊತ್ತಾಗಿಲ್ಲ. ತಾರೀಖರ ಚಾಲೂ ಆದಮ್ಯಾಲ ಇಂಟರ್ನೆಟ್‌ನಿಂದ ತಾನ ಸರಿ ಆಗ್ತಿತ್ತು. ಅಲ್ರೀ ಸರ, ತಾರೀಖು ತಪ್ಪೈತಿ ಅಂತ ನೀವು ಬುಧವಾರನ ಹೇಳಿದ್ರಿ. ನಾನ ಬಿಡ್ರಿ ಅಂದೆ ನೋಡ್ರಿ!”

ಅವರು ಬಿಡಿ ಎಂದಿದ್ದರು. ನಾನು ಅವಿಶ್ವಸನೀಯವೆಂದು ಎರಡು ಸಲ ಬರೆದಿದ್ದೆ. ತಪ್ಪಿನ ಪಾಲು ಹಂಚುವುದಾದರೆ ದೊಡ್ಡ ತುಂಡು ನನಗೇ ಬರಬೇಕು. ಸಾಕ್ಷಿ ಮೂರು ದಿನ ಒಂದೇ ಮಾತನ್ನು ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿ ತಿದ್ದುತ್ತಿದ್ದೆ.

ಶೆಲ್ ತರಲು ಸ್ಟೇಷನ್ನಿಗೆ ಹೊರಟವನನ್ನು ಹೆಂಡತಿ ತಡೆದಳು. ಪೆಟ್ಟಿಗೆಯಿಂದ ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ, ಅದರ ಮೇಲಿನ ಅಂಕಿಗಳನ್ನು ಭೂತಗನ್ನಡಿಯಲ್ಲಿ ಓದಲು ನನಗೆ ಕೊಟ್ಟು, ಒಳಗಿನಿಂದ ಅಡುಗೆಮನೆಯ ತೂಕದ ಯಂತ್ರವನ್ನು ತಂದಳು. ವೈದ್ಯರ ಸಲಹೆಯಂತೆ ನನ್ನ ಅನ್ನವನ್ನು ಗ್ರಾಮಿನ ಲೆಕ್ಕದಲ್ಲಿ ಅಳೆಯಲು ಬಂದ ಯಂತ್ರ ಅದು. ಅದರ ಹೊಟ್ಟೆ ಬಿಚ್ಚಿದಾಗ ಅದೇ ಅಂಕಿಯ, ಅದೇ ಗಾತ್ರದ ಶೆಲ್ ಹೊಳೆಯಿತು.

“ಇವತ್ತು ಅನ್ನ ಅಂದಾಜಿನಲ್ಲಿ,” ಎಂದಳು. ಕಂಪ್ಯೂಟರು ಕೆಟ್ಟದ್ದರಿಂದ ನನಗಾದ ಏಕೈಕ ಲಾಭ.

ಶೆಲ್ ಕೂರಿಸಿ, ತಾರೀಖು ತಿದ್ದಿ, ಪದ್ಧತಿ ಬದಲಿಸಿ, ಉಳಿಸಿದೆವು. ಬಳಿಕ ಪರೀಕ್ಷೆಗೆಂದು ಅವಳೇ ಹೋಗಿ, ತುಸು ಗಂಭೀರವಾಗಿಯೇ, ಗೋಡೆಯ ಸ್ವಿಚ್ಚನ್ನು ಆರಿಸಿದಳು. ಐದು ನಿಮಿಷ ಕಾದು ಮತ್ತೆ ಹಾಕಿದಳು. ಹತ್ತೊಂಬತ್ತು ಸೆಕೆಂಡಿನಲ್ಲಿ ಪರದೆ ಬೆಳಗಿತು. ಮೂಲೆಯ ತಾರೀಖು ಫೆಬ್ರುವರಿ 14. ಕೈಗಡಿಯಾರ, ಗೋಡೆಯ ಗಡಿಯಾರ, ಇಬ್ಬರ ಮೊಬೈಲು, ಎಲ್ಲವೂ ಒಪ್ಪಿದವು.

ಮೊದಲು ಪಟ್ಟಿಯನ್ನು ಮೂರು ಪೆನ್ ಡ್ರೈವುಗಳಿಗೆ ನಕಲು ಮಾಡಿದೆ. ಎರಡು ಸಾಕೆಂಬ ನಿಯಮವನ್ನು ಅಂದು ತಿದ್ದಿಕೊಂಡಿದ್ದೇನೆ. ಆಮೇಲೆ ಮಲಾಡಿನ ಹಿರಿಯರ ಹೆಸರನ್ನು ಹುಡುಕಿದೆ. ಇತ್ತು. ಕೆಂಪು ಗೆರೆಯ ಅಂಕಣ ಖಾಲಿ. ವಾರ್ಷಿಕ ಪರೀಕ್ಷೆಯ ಅಂಕಣದಲ್ಲಿ ತೇರ್ಗಡೆ. ಫೋನಿಗೆ ಕೈ ಹಾಕಿದವನು, ಅಭ್ಯಾಸಬಲದಿಂದ, ಆ ಸಾಲಿನ ಉಳಿದ ಅಂಕಣಗಳನ್ನೂ ಓದಿದೆ. ಓದಿ ಮತ್ತೊಮ್ಮೆ ಓದಿದೆ.

“ಹೆಸರಿದೆ,” ಎಂದೆ ಅವರು ಎತ್ತುತ್ತಲೇ. “ಹೊಡೆದಿಲ್ಲ. ಪಾಸಾಗಿದ್ದೀರಿ.”

ಆಚೆ ಮೊಮ್ಮಗಳನ್ನು ಕರೆಯುವ ದೊಡ್ಡ ದನಿ: “ಬಾ ಇಲ್ಲಿ! ಪ್ರೂಫ್ ಬಂತು, ಪ್ರೂಫ್!” ಮತ್ತೆ ನನಗೆ: “ಆ ಮೂರು ತಿಂಗಳು? ಗೈರುಹಾಜರಿ ಅಂತ ಉಂಟಲ್ಲ? ಇರ್ಲಿ, ಅದು ಸತ್ಯವೇ.”

“ಇಲ್ಲ. ಜೂನ್, ಜುಲೈ, ಆಗಸ್ಟ್, ಮೂರರಲ್ಲೂ ಪೂರ್ಣ ಹಾಜರಿ. ಒಂದು ದಿನವೂ ತಪ್ಪಿಲ್ಲ.”

“ಎಂಥದು? ನಾನು ಊರಲ್ಲಿದ್ದೆ ಮಾರಾಯ್ರೆ! ಅಮ್ಮನ ತಿಥಿ ಪ್ರತಿ ವರ್ಷ ಪಂಚಮಿಯ ಮರುದಿನ ಮಾಡ್ತಾ ಬಂದಿದ್ದೇನೆ. ನನಗೆ ಮರೀತದಾ?”

“ಟೈಪು ಮಾಡುವಾಗ ನಾನು ಪ್ರತಿ ನಮೂದನ್ನೂ ಎರಡು ಸಲ ತಾಳೆ ನೋಡಿದ್ದೇನೆ.”

“ಹಾಗಾದ್ರೆ ಹಾಜರಿ ಹಾಕಿದ್ದು...” ಎಂದು ಆರಂಭಿಸಿದವರು ಆ ವಾಕ್ಯವನ್ನು ಮುಗಿಸಲಿಲ್ಲ. “ಆ ಮಾಸ್ಟ್ರು ಡಸ್ಟರಿನಲ್ಲಿ ತಲೆಗೆ ಹೊಡೀತಿದ್ರು, ಗೊತ್ತುಂಟಾ? ಅವರು ಸಾಯುವವರೆಗೆ ನಾನು ಬೈಯ್ತಲೇ ಇದ್ದೆ.” ಮತ್ತೆ ಹೇಳಿದರು, “ಪ್ರೊಫೆಸರೇ, ಇದನ್ನು ಸಂಚಿಕೆಯಲ್ಲಿ ಹಾಕ್ಬೇಡಿ. ಮಾಸ್ಟ್ರು ಸುಳ್ಳು ಹಾಜರಿ ಹಾಕಿದ್ರು ಅಂತ ಯಾರಾದ್ರೂ ಹೇಳಿಯಾರು. ಹೆಸರು ಒಂದು ಇದ್ರೆ ಸಾಕು.”

ಶನಿವಾರ ಕೊಟ್ಟ ಪಟ್ಟಿಯಲ್ಲಿ ಅವರ ಹೆಸರು, ಊರು, ತೇರ್ಗಡೆಯ ವರ್ಷ ಇವಿಷ್ಟೇ ಇವೆ. ಭಿನ್ನ ಆಧಾರವಿರುವಲ್ಲಿ ಅಡಿಟಿಪ್ಪಣಿ ಇಲ್ಲದೆ ನಾನು ಅಚ್ಚಿಗೆ ಕೊಟ್ಟ ಮೊದಲ ಪುಟ ಅದು. ಹೆಸರುಗಳನ್ನು ಹೇಳುವ ಅಗತ್ಯವಿಲ್ಲದ ಈ ಬರಹದಲ್ಲಿ ಮಾತ್ರ ಆ ಟಿಪ್ಪಣಿಯನ್ನು ದಾಖಲಿಸುತ್ತೇನೆ. ವಿದ್ಯಾರ್ಥಿಯ ನೆನಪು ಹಾಗೂ ತಾಯಿಯ ಶ್ರಾದ್ಧದ ತಿಥಿಯ ಪ್ರಕಾರ, 1957ರ ಜೂನ್‌ನಿಂದ ಆಗಸ್ಟ್‌ವರೆಗೆ ಅವರು ಉಡುಪಿಯ ಬಳಿಯ ತಮ್ಮ ಊರಿನಲ್ಲಿದ್ದರು. ಮಳೆಗಾಲದಲ್ಲಿ ಹಡಗು ಇರಲಿಲ್ಲ. ಶಾಲೆಯ ಹಾಜರಿ ಪುಸ್ತಕದ ಪ್ರಕಾರ, ಆ ಮೂರೂ ತಿಂಗಳು ಅವರು ಪ್ರತಿ ಸಂಜೆ ತರಗತಿಯಲ್ಲಿದ್ದರು.